ಹಂದಿಗಳ ಜಂತುಹುಳುವಿನ ಬಾಧೆಯೂ ಅದರ ನಿವಾರಣೋಪಾಯವೂ

ಹಂದಿಸಾಕಣೆಯಲ್ಲಿ ಹಣ ತೊಡಗಿಸಿದವರಿಗೆ ಅರಿವಿಲ್ಲದೆಯೇ ನಷ್ಟವನ್ನುಂಟುಮಾಡುವ ಶತ್ರುಗಳಲ್ಲಿ ಕರುಳಿನ ಜಂತುಹುಳುವು ಮುಖ್ಯವಾದುದು. ಇದರಿಂದ ಬೆಳೆದ ಹಂದಿಗಳು ಸಾಯುವುದು ಅಪರೂಪವಾದುದರಿಂದ ಅನೇಕರು ಇದನ್ನು ಲಕ್ಷಿಸುವುದಿಲ್ಲ. ಆದರೆ ಹಾಕಿದ ಮೇವಿನ ಒಂದು ಭಾಗವು ಹುಳುಗಳ ಪಾಲಾಗಿ, ಮರಿಗಳು ಬಡಕಲಾಗಿ, ಮಾರಾಟಕ್ಕೆ ತಕ್ಕ ತೂಕವನ್ನು ಪಡೆಯಲು ಹೆಚ್ಚು ದಿನಗಳು ಹಿಡಿಯುವುವು.

ಹುಳುವಿನ ಜೀವನಕ್ರಮ: ಈ ದುಂಡುಹುಳುವಿನ ಹೆಣ್ಣು 40 ಸೆಂಟಿಮೀಟರಿನವರೆಗೂ ಬೆಳೆಯುವುದುಂಟು. ಅದು ದಿನವೊಂದಕ್ಕೆ ಲಕ್ಷಗಟ್ಟಲೆ ಮೊಟ್ಟೆಗಳನ್ನಿಡುವುದು. ಸಗಣಿಯೊಡನೆ ಹೊರಬಿದ್ದ ಮೊಟ್ಟೆಗಳು ಬೆಚ್ಚಗಿನ ತೇವದ ಸ್ಥಳದಲ್ಲಿ ಕೆಲವು ವಾರಗಳೊಳಗೆ ರೋಗ ಹರಡಲು ಸಮರ್ಥವಾಗಿ, ನೆರಳಿನ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವಿಸಿರುವುವು. ಮರಿಯು ಇವನ್ನು ನುಂಗಿದರೆ, ಹೊರಬಂದ ಎಳೆಹುಳುಗಳು ಕರುಳನ್ನು ಭೇದಿಸಿ ಯಕೃತ್ತಿಗೂ, ಅಲ್ಲಿಂದ ಶ್ವಾಸಕೋಶಕ್ಕೂ ಸೇರಿ, ಕೆಮ್ಮಿನೊಡನೆ ಗಂಟಲಿಗೆ ಬಂದು, ಮರಳಿ ನುಂಗಲ್ಪಟ್ಟು ಕರುಳಿನಲ್ಲಿ ನೆಲಸುವುವು. ಹೀಗೆ ನೆಲಸಿದ ಹುಳು ಮೊಟ್ಟೆಯಿಡಲು, ಸೋಂಕು ತಗಲಿದಂದಿನಿಂದ ಸುಮಾರು 6ರಿಂದ 8 ವಾರಗಳಾಗುವುವು. ಆದಕಾರಣ ಕೆಮ್ಮುವ ಎಳೆಮರಿಯ ಸಗಣಿಯಲ್ಲಿ ಮೊಟ್ಟೆ ಕಾಣದಿದ್ದ ಮಾತ್ರಕ್ಕೆ ಬಾಧೆಯಿಲ್ಲವೆಂದು ಭಾವಿಸಲಾಗದು.

ಲಕ್ಷಣಗಳು: ಒಣಕೆಮ್ಮು, ಏದುಸಿರು, ಒರಟಾದ ಕೂದಲು, ಉಬ್ಬಿದ ಹೊಟ್ಟೆ, ಕುಂಠಿತವಾದ ಬೆಳವಣಿಗೆ. ಕೊಯ್ದ ಹಂದಿಯ ಯಕೃತ್ತಿನ ಮೇಲೆ ಹಾಲಿನ ಬಣ್ಣದ ಮಚ್ಚೆಗಳು ಕಂಡರೆ ಆ ಹಿಂಡಿನಲ್ಲಿ ಹುಳುವಿದೆಯೆಂದು ತಿಳಿಯತಕ್ಕದ್ದು.

ಚಿಕಿತ್ಸೆ: ಫೆನ್‌ಬೆಂಡಜೋಲ್, ಲೆವಮಿಸೋಲ್, ಐವರ್‌ಮೆಕ್ಟಿನ್ ಮೊದಲಾದ ಔಷಧಗಳು ಗುಣಕಾರಿಗಳು. ಫೆನ್‌ಬೆಂಡಜೋಲನ್ನು ದೇಹತೂಕದ ಕಿಲೋ ಒಂದಕ್ಕೆ 5 ಮಿಲಿಗ್ರಾಂ ಮೇರೆಗೆ, ಅಂದರೆ 50 ಕಿಲೋ ತೂಗುವ ಹಂದಿಗೆ 250 ಮಿಲಿಗ್ರಾಂ, ಮೇವಿನಲ್ಲಿ ಬೆರೆಸಿ ಕೊಡುವುದು ವಾಡಿಕೆ. ಚಾಟಿಹುಳುವಿನ ಬಾಧೆಯಿದ್ದರೆ ಹಲವು ದಿನಗಳು ಎಡೆಬಿಡದೆ ಕೊಡಬೇಕಾಗುವುದು. ತೂಕವನ್ನು ಕಡಮೆಯಾಗಿ ಅಂದಾಜು ಮಾಡಿದರೆ ಹುಳುಗಳು ಉಳಿದುಕೊಳ್ಳುವುವು. ಆದುದರಿಂದ ಪಶುವೈದ್ಯರ ಸಲಹೆಯಂತೆ ನಡೆಯುವುದೇ ಲೇಸು. ಔಷಧವಿತ್ತ ಮೇಲೆ ಡಬ್ಬಿಯ ಮೇಲೆ ಸೂಚಿಸಿದ ಅವಧಿ ಕಳೆಯುವವರೆಗೆ ಮಾಂಸಕ್ಕಾಗಿ ಹಂದಿಯನ್ನು ಮಾರಕೂಡದು.

ಔಷಧವು ಕರುಳಿನ ಹುಳುವನ್ನು ಕೊಲ್ಲುವುದೇ ಹೊರತು ನೆಲದ ಮೇಲಣ ಮೊಟ್ಟೆಯನ್ನಲ್ಲ. ಈ ತತ್ವವನ್ನು ಅಮೆರಿಕದ ಇಲಿನಾಯ್ ಪ್ರಾಂತದ ಮೆಕ್ಲೀನ್ ಕೌಂಟಿಯಲ್ಲಿ 1919ರಿಂದ ಮುಂದಿನ ವರ್ಷಗಳಲ್ಲಿ ನಡೆದ ಪ್ರಯೋಗಗಳು ಸ್ಪಷ್ಟಪಡಿಸಿದುವು. ರ‍್ಯಾನ್ಸಂ, ರಾಫೆನ್ಸ್‌ಪರ್ಗರ್ ಎಂಬ ತಜ್ಞರು ಔಷಧವನ್ನು ನೆಚ್ಚದೆ, ಮರಿಗಳು ಮೊಟ್ಟೆಗಳನ್ನು ನುಂಗದಂತೆ ತಡೆಯುವ ಕ್ರಮವನ್ನೇ ಅನುಸರಿಸಿದರು. ಆ ಕ್ರಮಕ್ಕೆ ಇಂದಿನ ಔಷಧವನ್ನು ಕೂಡಿಸಿ ಮುಂದಿನಂತೆ ನಡೆಯಬಹುದು:

1. ತಾಯಿಹಂದಿಗೆ ಈಯುವುದಕ್ಕೆ ಸುಮಾರು ಎರಡು ವಾರ ಮೊದಲು ಔಷಧ ಕೊಡತಕ್ಕದ್ದು.

2. ಈಯುವ ಗೂಡಿನ ಸಗಣಿ, ಹುಲ್ಲನ್ನೆಲ್ಲ ತೆಗೆದು, ನೆಲವನ್ನೂ ಗೋಡೆಯನ್ನೂ ಕುದಿಯುವ ನೀರಿನಿಂದ ಉಜ್ಜಿ ತೊಳೆದು ಒಣಗಿಸತಕ್ಕದ್ದು.

3. ತಾಯಿಯ ಮೈಯನ್ನು, ವಿಶೇಷವಾಗಿ ಕೆಚ್ಚಲನ್ನು, ಸಾಬೂನಿನಿಂದ ತೊಳೆದು ಆ ಗೂಡಿಗೆ ಬಿಡತಕ್ಕದ್ದು. ಮರಿಗಳು ಮೊದಲು ಮೊಟ್ಟೆಗಳನ್ನು ಪಡೆಯುವುದು ಕೊಳೆಯಾದ ಮೊಲೆಯಿಂದಲೇ.

4. ಬಳಿಕ ಮರಿಗಳನ್ನು, ಹಂದಿಗಳು ಮೇಯದ, ಉತ್ತು ಬೆಳೆಯಿಟ್ಟ ಹೊಲಕ್ಕೆ ಸಾಗಿಸಿ, ನಾಲ್ಕು ತಿಂಗಳು ತುಂಬುವವರೆಗೆ ಹಳೆಯ ದೊಡ್ಡಿಗೆ ಸೇರಿಸಕೂಡದು.

5. ಹೊಸದಾಗಿ ಕೊಂಡ ಹಂದಿಗಳಿಗೆ ಔಷಧವಿತ್ತು, ಕೆಲವು ವಾರ ಬೇರೆಯಾಗಿಯೇ ಇಡತಕ್ಕದ್ದು.

ಹಂದಿಯ ಈ ಹುಳುವು ಮನುಷ್ಯರಿಗೂ ತಗಲಬಲ್ಲುದು. ದೊಡ್ಡಿಯ ಮಣ್ಣಿನಲ್ಲಿ ಆಡುವ ಮಕ್ಕಳಿಗೆ ಅಪಾಯ ಹೆಚ್ಚು. ಸಗಣಿಯನ್ನು ಚೆನ್ನಾಗಿ ಬಿಸಿಯೇರುವಂತೆ ರಾಶಿ ಹಾಕಿ, ಆಗಾಗ ಮಗುಚಿ, ಪೂರಾ ಕೊಳೆತ ಮೇಲೆಯೇ ಹೊಲಕ್ಕೆ ಹಾಕತಕ್ಕದ್ದು. ಒಂದು ಮನೆಯವರು ಮಾತ್ರ ಈ ಎಚ್ಚರವನ್ನಿಟ್ಟು, ನೆರೆಯವರ ಹಂದಿಗಳು ಬೀದಿಯಲ್ಲಿ ತಿರುಗುತ್ತಿದ್ದರೆ ಫಲವಿಲ್ಲ. ಆದುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ತಮ್ಮ ದೊಡ್ಡಿಗಳಲ್ಲಿ ಈ ಕ್ರಮವನ್ನು ಮೊದಲು ಆಚರಿಸಿ ಇತರರಿಗೆ ಮಾರ್ಗದರ್ಶಕರಾಗುವುದು ಯುಕ್ತವು.