ಹಿಂದಿರುಗದ ವೇಗ: ಚಳಿಗಾಲದ ಒಂದು ವಾಹನಾಪಘಾತದ ವಿಚಾರ

ದೇಹವನ್ನು ರಥಕ್ಕೂ, ಇಂದ್ರಿಯಗಳನ್ನು ಕುದುರೆಗಳಿಗೂ, ಮನಸ್ಸನ್ನು ಕಡಿವಾಣಕ್ಕೂ, ಬುದ್ಧಿಯನ್ನು ಸಾರಥಿಗೂ ಹೋಲಿಸಿರುವ ಕಠೋಪನಿಷತ್ತಿನ ರೂಪಕವು ವಿದ್ಯಾವಂತರೆಲ್ಲರಿಗೂ ಪರಿಚಿತವಾದುದು. ಕುದುರೆಯನ್ನು ಓಡಿಸುವುದು ದೊಡ್ಡ ವಿದ್ಯೆಯಲ್ಲ. ಓಡುತ್ತಿರುವ ಕುದುರೆಯನ್ನು ಬೇಕೆಂದಾಗ ತಡೆಯಬಲ್ಲುದೇ ವಿದ್ಯೆ. ಕಡಿವಾಣದ ಸಾರ್ಥಕತೆಯೂ ಇರುವುದು ಅಲ್ಲಿಯೇ. ಇಂದಿನ ತರುಣನ ಕುದುರೆಯಾದ ಮೋಟಾರು ಸೈಕಲ್ಲಿನಲ್ಲಿ ಚಾಟಿಗೂ ಕಡಿವಾಣಕ್ಕೂ ಬೇರೆ ಬೇರೆ ಸಾಧನಗಳಿಲ್ಲ. ಬಲಗೈಯ ಹಿಡಿಯೊಂದೇ ಎರಡು ಕೆಲಸವನ್ನೂ ಮಾಡುತ್ತದೆ. ತನ್ನತ್ತ ತಿರುಗಿಸಿದರೆ ವೇಗ ಹೆಚ್ಚುವುದು, ಬಿಟ್ಟರೆ ತಗ್ಗುವುದು. ಬಿಟ್ಟರೂ ತಗ್ಗದೆ ಹೋದರೆ ಏನಾಗುವುದೆಂಬುದೇ ಇಲ್ಲಿಯ ವಿಚಾರ.

ಈ ಅಂಗಕ್ಕೆ ಇಂಗ್ಲಿಷಿನಲ್ಲಿ ‘ಥ್ರಾಟಲ್’ ಎಂದು ಹೆಸರು. ಗಂಟಲು ಎಂಬರ್ಥದ ಪದದಿಂದ ಹುಟ್ಟಿದ ಮಾತು ಇದು. ಯಂತ್ರದ ಉಸಿರು ಹಾದುಹೋಗುವ ಕೊರಳನ್ನು ಹಿಗ್ಗಿಸಿ ಕುಗ್ಗಿಸುವ ಬಾಗಿಲಾದುದರಿಂದ ಆ ಹೆಸರು ಉಚಿತವಾಗಿಯೇ ಇದೆ. ನಮ್ಮ ಜನ ಇದನ್ನು ‘ಎಕ್ಸಲೇಟರ್’ ಎಂದು ಕರೆದು, ಅದನ್ನು ತಿರುಗಿಸುವುದಕ್ಕೆ ‘ರೇಸ್ ಕೊಡುವುದು’ ಎನ್ನುತ್ತಾರೆ. ಕೊಡುವುದಕ್ಕೆ ಹೀಗೊಂದು ಮಾತು ಹುಟ್ಟಿಕೊಂಡಿತು; ಕೊಟ್ಟುದನ್ನು ಹಿಂದಕ್ಕೆ ಪಡೆಯುವುದಕ್ಕೆ ಅಷ್ಟೇ ಬಳಕೆಯ ಮಾತು ಹುಟ್ಟಲಿಲ್ಲ. ಭಾಷೆಯ ಈ ಕೊರತೆಯು ನಮ್ಮ ಎಚ್ಚರದ ಕೊರತೆಯನ್ನೂ ಸೂಚಿಸುತ್ತದೆಯೇನೋ!

ವಿಷಯವು ಸ್ಪಷ್ಟವಾಗಲೆಂದು ಒಂದು ಪ್ರಸಂಗವನ್ನು ನಿದರ್ಶನವಾಗಿ ಕಲ್ಪಿಸಿಕೊಳ್ಳಬಹುದು. ಗುಂಡ್ಲುಪೇಟೆಯ ಕಡೆಯ ರೈತನೊಬ್ಬನ ಮಗ ಉದಕಮಂಡಲದಲ್ಲಿ ನೌಕರಿಯಲ್ಲಿದ್ದಾನೆ. ಸಂಕ್ರಾಂತಿಗೆ ಊರು ಸೇರಬೇಕೆಂದು ಜನವರಿಯ ಒಂದು ಮುಂಜಾನೆ ತನ್ನ ಹಳೆಯ ಮೋಟಾರು ಸೈಕಲ್ಲನ್ನೇರಿ ಹೊರಡುತ್ತಾನೆ. ಸಮುದ್ರಮಟ್ಟದಿಂದ ಸುಮಾರು ೨,೨೪೦ ಮೀಟರ್ ಎತ್ತರದಲ್ಲಿರುವ ಆ ಊರಿನ ತಗ್ಗು ಪ್ರದೇಶಗಳಲ್ಲಿ ಚಳಿಗಾಲದ ರಾತ್ರಿ ಇಬ್ಬನಿಯು ಹೆಪ್ಪುಗಟ್ಟಿ ಹುಲ್ಲೆಲ್ಲ ಬೆಳ್ಳಗಾಗುವುದುಂಟು. ವಾಹನದ ಆಸನದ ಮೇಲಿನ ಹಿಮದ ಪುಡಿಯನ್ನು ಒರಸಿ, ಕೈಗವಸು ತೊಟ್ಟು, ಶಿರಸ್ತ್ರಾಣ ಧರಿಸಿ ಆತನು ಗೂಡಲೂರಿನ ದಾರಿ ಹಿಡಿಯುತ್ತಾನೆ. ಪೈಕಾರ ಸಮೀಪಿಸುವ ಹೊತ್ತಿಗೆ ಜಲಾಶಯದ ಕಡೆಯಿಂದೆದ್ದ ಕಾವಳ ರಸ್ತೆಯನ್ನು ಕವಿದಿದೆ. ಗಂಟೆಗೆ ಐವತ್ತು ಕಿಲೋಮೀಟರನ್ನು ಮೀರದ ಒಂದೇ ಸಮನಾದ ಓಟ. ಎದುರಿಗೆ ತಿರುವು ಕಾಣಿಸುತ್ತದೆ. ಆತನು ಕೈಹಿಡಿಯನ್ನು ಬಿಡುತ್ತಾನೆ. ಹಿಡಿಯು ಸಡಿಲವಾಗಿ ಹಿಂದಿರುಗುತ್ತದೆ. ಆದರೆ ಯಂತ್ರದ ಸದ್ದು ತಗ್ಗುವುದಿಲ್ಲ. ಗಾಬರಿಯಿಂದ ಬ್ರೇಕನ್ನು ಬಲವಾಗಿ ತುಳಿಯುತ್ತಾನೆ. ಒಂದು ಕಡೆ ಬ್ರೇಕು ತಡೆಯುತ್ತಿದೆ, ಇನ್ನೊಂದು ಕಡೆ ಯಂತ್ರವು ನೂಕುತ್ತಿದೆ. ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಜಾರುತ್ತದೆ. ಗಂಟೆಗೆ ೫೦ ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು ೧೪ ಮೀಟರ್. ಕಾರಣವೇನೆಂದು ಯೋಚಿಸುವಷ್ಟರಲ್ಲಿಯೇ ರಸ್ತೆ ಮುಗಿದಿರುತ್ತದೆ. ವಾಹನವು ಪಕ್ಕದ ಚರಂಡಿಗೆ ಉರುಳಿ ನಿಲ್ಲುತ್ತದೆ. ಶಿರಸ್ತ್ರಾಣದಿಂದ ತಲೆ ಉಳಿಯಿತು, ಕೊರಳೆಲುಬು ಮುರಿಯಿತು.

ಮುಂದಿನ ಭಾಗವೇ ಹೆಚ್ಚು ಗಮನಾರ್ಹವಾದುದು. ವಾಹನವನ್ನು ಗ್ಯಾರೇಜಿಗೆ ತಂದು ಮೆಕ್ಯಾನಿಕ್ ಪರೀಕ್ಷಿಸಿದಾಗ ಕೈಹಿಡಿ ಸರಾಗವಾಗಿ ತಿರುಗುತ್ತದೆ, ಕೇಬಲ್ ಸರಿಯಾಗಿದೆ, ಒಳಗಿನ ಸ್ಪ್ರಿಂಗು ಗಟ್ಟಿಯಾಗಿದೆ. ದೋಷವೆಂಬುದೇ ಇಲ್ಲ! ಹುಡುಗ ಜೋರಾಗಿ ಬಂದಿರಬೇಕೆಂದು ನೆರೆದವರೆಲ್ಲ ತೀರ್ಮಾನಿಸುತ್ತಾರೆ. ತಂದೆಗೂ ಹಾಗೆಯೇ ತೋರುತ್ತದೆ.

“ಹಬ್ಬಕ್ಕೆ ಬೇಗ ಬಾ ಅಂದದ್ದು ನಿಜ ಕಣಪ್ಪ. ಹಾರಿಕೊಂಡು ಬಾ ಅಂದೆನೇ?”

“ಇಲ್ಲಪ್ಪ, ನಾನು ಬಿಟ್ಟೆ. ಅದು ಬಿಡಲಿಲ್ಲ.”

ಮಗನ ಈ ಮಾತನ್ನು ನಂಬುವವರು ಯಾರು? ಸಾಕ್ಷಿಯಿಲ್ಲ, ಯಂತ್ರವೇ ಅವನಿಗೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತಿದೆ. ಆದರೆ ಆತನ ಮಾತು ಸತ್ಯವಾಗಿರಲು ಸಾಧ್ಯವೆಂದು ಪದಾರ್ಥವಿಜ್ಞಾನವು ಹೇಳುತ್ತದೆ.

ಕೈಹಿಡಿಯನ್ನು ತಿರುಗಿಸಿದಾಗ ಅದಕ್ಕೆ ಕಟ್ಟಿದ ಉಕ್ಕಿನ ತಂತಿಯು ಕೊಳವೆಯೊಳಗೆ ಸರಿದು, ಕಾರ್ಬುರೇಟರಿನಲ್ಲಿರುವ ಚಿಕ್ಕ ಉರುಳೆಯೊಂದನ್ನು ಮೇಲಕ್ಕೆತ್ತುತ್ತದೆ. ಗಾಳಿಯ ದಾರಿ ತೆರೆಯುತ್ತದೆ. ಇಕ್ಕಟ್ಟಾದ ಆ ದಾರಿಯಲ್ಲಿ ವೇಗವಾಗಿ ನುಗ್ಗುವ ಗಾಳಿಯ ಒತ್ತಡ ತಗ್ಗುವುದರಿಂದ ಕೆಳಗಿನ ಬಟ್ಟಲಿನ ಪೆಟ್ರೋಲು ಸೂಕ್ಷ್ಮರಂಧ್ರದ ಮೂಲಕ ಮೇಲೆದ್ದು ಆವಿಯಾಗಿ ಗಾಳಿಯೊಡನೆ ಬೆರೆಯುತ್ತದೆ. ಕೈಬಿಟ್ಟಾಗ ಉರುಳೆಯನ್ನು ಕೆಳಕ್ಕೆ ತಳ್ಳುವುದು ಅದರ ಮೇಲಿರುವ ಸ್ಪ್ರಿಂಗು ಮಾತ್ರ. ತಂತಿಯು ಎಳೆಯಬಲ್ಲುದೇ ಹೊರತು ತಳ್ಳಲಾರದು. ಈ ಭೇದವನ್ನು ಮನಗಾಣಬೇಕು. ವೇಗವನ್ನು ಹೆಚ್ಚಿಸಲು ಸವಾರನ ತೋಳಿನ ಬಲವಿದೆ. ತಗ್ಗಿಸಲು ಇರುವುದು ಒಂದು ಸ್ಪ್ರಿಂಗಿನ ಬಲ.

ದ್ರವವು ಆವಿಯಾಗುವಾಗ ಸುತ್ತಲಿನ ಉಷ್ಣವನ್ನು ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ನೀರು ತಂಪಾಗುವುದೂ, ಚುಚ್ಚುಮದ್ದಿಗೆ ಮುನ್ನ ತೋಳಿಗೆ ಸ್ಪಿರಿಟ್ ಸವರಿದಾಗ ಚಳಿಯೆನಿಸುವುದೂ ಇದರಿಂದಲೇ. ಪೆಟ್ರೋಲು ನೀರಿಗಿಂತ ಬಹು ಶೀಘ್ರವಾಗಿ ಆವಿಯಾಗುತ್ತದೆ. ಒಂದು ಕಿಲೋಗ್ರಾಂ ಪೆಟ್ರೋಲು ಆವಿಯಾಗಲು ಸುಮಾರು ೩೫೦ ಕಿಲೋಜೂಲ್ ಉಷ್ಣ ಬೇಕು. ಅದರೊಡನೆ ಬೆರೆಯುವ ಗಾಳಿಯ ತೂಕ ಸುಮಾರು ೧೫ ಕಿಲೋಗ್ರಾಂ. ಒಂದು ಕಿಲೋಗ್ರಾಂ ಗಾಳಿಯನ್ನು ಒಂದು ಡಿಗ್ರಿ ತಣಿಸಿದರೆ ದೊರೆಯುವುದು ಸುಮಾರು ಒಂದು ಕಿಲೋಜೂಲ್. ಪೆಟ್ರೋಲೆಲ್ಲ ಅಲ್ಲಿಯೇ ಆವಿಯಾಗಿ, ಉಷ್ಣವೆಲ್ಲ ಗಾಳಿಯಿಂದಲೇ ಬರುವುದಾದರೆ, ಗಾಳಿಯ ಉಷ್ಣಾಂಶವು ಇಪ್ಪತ್ತು ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚು ಇಳಿಯಬಹುದೆಂಬುದು ಲೆಕ್ಕದಿಂದ ತಿಳಿಯುತ್ತದೆ. ಹೊರಗೆ ಎಂಟು ಹತ್ತು ಡಿಗ್ರಿ ಇದ್ದರೂ ಒಳಗೆ ನೀರು ಹೆಪ್ಪುಗಟ್ಟುವಷ್ಟು ಶೈತ್ಯ ಉಂಟಾಗಬಹುದು. ಕಾವಳದ ತೇವವು ಉರುಳೆಯ ಸುತ್ತ ನೀರಾಗಿ, ಆ ನೀರು ಹಿಮವಾಗಿ, ಉರುಳೆಯನ್ನು ಗೋಡೆಗೆ ಬೆಸೆದುಬಿಡುತ್ತದೆ. ಸ್ಪ್ರಿಂಗಿನ ಅಲ್ಪಬಲ ಆ ಬೆಸುಗೆಯನ್ನು ಬಿಡಿಸಲಾರದು.

ಇಲ್ಲಿ ಇನ್ನೊಂದು ವಿಚಿತ್ರವುಂಟು. ಚಳಿ ಹೆಚ್ಚಿದಷ್ಟೂ ಅಪಾಯ ಹೆಚ್ಚೆಂದು ಯಾರಿಗಾದರೂ ತೋರುವುದು ಸಹಜ. ವಾಸ್ತವವಾಗಿ ಅತಿಶೀತಲವಾದ ಗಾಳಿಯಲ್ಲಿ ನೀರಾವಿಯೇ ಅಲ್ಪವಾಗಿರುವುದರಿಂದ ಈ ಬಗೆಯ ಹಿಮ ಕಡಿಮೆ. ಹೆಪ್ಪುಗಟ್ಟುವ ಮಟ್ಟಕ್ಕಿಂತ ತುಸು ಮೇಲಿರುವ, ತೇವದಿಂದ ತುಂಬಿದ ಗಾಳಿಯೇ ಹೆಚ್ಚು ಅಪಾಯಕರ. ಹಿಮಾಲಯವನ್ನೇ ಏರಬೇಕಾಗಿಲ್ಲ, ನೀಲಗಿರಿ ಸಾಕು, ಕೊಡಗಿನ ಮಾಗಿಯ ಕಾವಳವೂ ಸಾಕಾದೀತು. ವಿಮಾನಚಾಲಕರು ಈ ತತ್ತ್ವವನ್ನು ಬಲ್ಲರು. ಕಾರ್ಬುರೇಟರುಳ್ಳ ಸಣ್ಣ ವಿಮಾನಗಳಲ್ಲಿ ಬಿಸಿಗಾಳಿಯನ್ನು ಒಳಗೆ ಹಾಯಿಸಿ ಹಿಮವನ್ನು ಕರಗಿಸಲೆಂದೇ ಬೇರೊಂದು ಸನ್ನೆಯಿರುತ್ತದೆ.

ಸಾಕ್ಷಿ ಮಾಯವಾದ ಬಗೆಯೂ ಈಗ ಸ್ಪಷ್ಟ. ಯಂತ್ರವು ನಿಂತೊಡನೆ ತಣ್ಣನೆಯ ಗಾಳಿಯ ಹರಿವು ನಿಲ್ಲುತ್ತದೆ. ಸಿಲಿಂಡರಿನ ಕಾವು ಕಾರ್ಬುರೇಟರನ್ನು ಮುಟ್ಟುತ್ತದೆ. ಕೆಲವು ನಿಮಿಷಗಳಲ್ಲಿ ಹಿಮವು ಕರಗಿ, ಉರುಳೆ ತನ್ನ ಸ್ಥಾನಕ್ಕೆ ಇಳಿದಿರುತ್ತದೆ. ಮೆಕ್ಯಾನಿಕ್ ಕಂಡದ್ದು ಸುಳ್ಳಲ್ಲ. ಆತ ಕಂಡ ಹೊತ್ತು ಬೇರೆ.

ಅಂಟಿಕೊಳ್ಳುವ ಕಾರಣ ಇದೊಂದೇ ಅಲ್ಲ. ಕೇಬಲ್ಲಿನ ಕೊಳವೆಯೊಳಗೆ ಇಳಿದ ನೀರು ರಾತ್ರಿಯ ಚಳಿಗೆ ಹೆಪ್ಪುಗಟ್ಟಬಹುದು. ಹಳೆಯ ಗ್ರೀಸು ಗಟ್ಟಿಯಾಗಬಹುದು. ತಂತಿಯ ಎಳೆಗಳು ಕಿತ್ತು ಕೊಳವೆಗೆ ಸಿಕ್ಕಿಕೊಳ್ಳಬಹುದು. ಆಗ ಕೈಹಿಡಿಯೇ ಬಿಗಿಯಾಗಿ ಹಿಂದಿರುಗದೆ ನಿಲ್ಲುವುದು. ಹಿಡಿ ಸಡಿಲವಾಗಿ ಹಿಂದಿರುಗಿಯೂ ವೇಗ ತಗ್ಗದಿದ್ದರೆ ತೊಡಕು ಕಾರ್ಬುರೇಟರಿನಲ್ಲಿದೆ ಎಂದು ಊಹಿಸಬೇಕು.

ಹೊರಡುವ ಮುನ್ನ ಮಾಡಬೇಕಾದ ಪರೀಕ್ಷೆ ಅರ್ಧ ನಿಮಿಷದ್ದು. ಯಂತ್ರವನ್ನು ಚಾಲೂ ಮಾಡುವುದಕ್ಕೆ ಮೊದಲು ಕೈಹಿಡಿಯನ್ನು ಪೂರ್ತಿ ತಿರುಗಿಸಿ ಬಿಡಬೇಕು. ಅದು ತಟ್ಟನೆ ತಾನಾಗಿ ಹಿಂದಿರುಗಬೇಕು. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ಹೊರಳಿಸಿ ಮತ್ತೆ ಹೀಗೆಯೇ ನೋಡಬೇಕು. ಕಾವಳದಲ್ಲಿ ಸಾಗುವಾಗ ನೇರವಾದ, ನಿರ್ಜನವಾದ ಸ್ಥಳದಲ್ಲಿ ಆಗಾಗ ವೇಗವನ್ನು ಪೂರ್ತಿ ತಗ್ಗಿಸಿ ನೋಡುವುದು ಒಳ್ಳೆಯದು. ಯಂತ್ರವು ತೊದಲಿದರೆ ನಿಲ್ಲಿಸಿ, ಅದರ ಕಾವಿನಿಂದಲೇ ಹಿಮ ಕರಗಲು ಕೆಲವು ನಿಮಿಷ ಬಿಡಬೇಕು.

ಇಷ್ಟಾಗಿಯೂ ವೇಗವು ಹಿಂದಿರುಗದಿದ್ದರೆ ಮೊದಲು ಎಡಗೈಯಿಂದ ಕ್ಲಚ್ಚನ್ನು ಪೂರ್ತಿ ಹಿಡಿಯಬೇಕು. ಯಂತ್ರಕ್ಕೂ ಚಕ್ರಕ್ಕೂ ಇರುವ ಸಂಬಂಧ ಕಡಿಯುತ್ತದೆ. ಆಗ ಯಂತ್ರವು ಭೀಕರವಾಗಿ ಕಿರುಚುತ್ತದೆ. ಆ ಸದ್ದಿಗೆ ಬೆದರಿ ಕ್ಲಚ್ಚನ್ನು ಬಿಡಬಾರದು. ಒಡನೆಯೇ ಬಲಗೈಯ ಬಳಿಯ ಸ್ವಿಚ್ಚಿನಿಂದ, ಅದಿಲ್ಲದಿದ್ದರೆ ಕೀಲಿಯಿಂದ, ಯಂತ್ರವನ್ನು ಆರಿಸಬೇಕು. ಕೀಲಿಯನ್ನು ಹ್ಯಾಂಡಲ್ ಬೀಗದ ಸ್ಥಾನದವರೆಗೆ ತಿರುಗಿಸಲಾಗದು. ಅನಂತರ ಎರಡು ಬ್ರೇಕುಗಳನ್ನೂ ಹದವಾಗಿ ಒತ್ತಿ ರಸ್ತೆಯ ಎಡಬದಿಗೆ ಸರಿಯಬೇಕು. ಈ ಕ್ರಮವನ್ನು ಓದಿದರೆ ಸಾಲದು. ನಿಂತ ವಾಹನದ ಮೇಲೆ ಕುಳಿತು ಕೈಗಳಿಗೆ ಕಲಿಸಬೇಕು. ಆಪತ್ತಿನಲ್ಲಿ ಬುದ್ಧಿಗಿಂತ ಮೊದಲು ಒದಗುವುದು ಅಭ್ಯಾಸ.

೨೦೨೦ರ ಏಪ್ರಿಲ್ ೧ರಿಂದ ನಮ್ಮ ದೇಶದಲ್ಲಿ ಭಾರತ್ ಸ್ಟೇಜ್ ೬ ನಿಯಮ ಜಾರಿಗೆ ಬಂದ ಮೇಲೆ ಹೊಸ ಮೋಟಾರು ಸೈಕಲ್ಲುಗಳಲ್ಲಿ ಬಹುಮಟ್ಟಿಗೆ ಕಾರ್ಬುರೇಟರು ಮರೆಯಾಗಿ ಪೆಟ್ರೋಲನ್ನು ಸಿಂಪಡಿಸುವ ವ್ಯವಸ್ಥೆ ಬಂದಿದೆ. ಒಳಗೆ ಹಿಮಗಟ್ಟುವ ಸಂಭವ ಅವುಗಳಲ್ಲಿ ಕಡಿಮೆ; ಆದರೆ ಕೇಬಲ್ ಇರುವೆಡೆ ಕೇಬಲ್ಲಿನ ತೊಡಕೂ ಇದ್ದೇ ಇದೆ. ಮೇಲಾಗಿ, ೧೯೯೬ರಲ್ಲಿ ಮುಚ್ಚಿದ ಮೈಸೂರಿನ ಕಾರ್ಖಾನೆಯ ಜಾವಾ, ಯೆಜ್ಡಿ ವಾಹನಗಳನ್ನು ಇಂದಿಗೂ ಅಕ್ಕರೆಯಿಂದ ಓಡಿಸುವವರಿದ್ದಾರೆ. ಹಿಮಗಟ್ಟುವ ಈ ತೊಡಕು ಯಾವುದೇ ಒಂದು ತಯಾರಿಕೆಯ ದೋಷವಲ್ಲ. ಗಾಳಿ, ನೀರು, ಶೈತ್ಯಗಳ ಸಹಜಧರ್ಮ. ಹಳೆಯ ವಾಹನವನ್ನು ಪ್ರೀತಿಸುವವರು ಅದರ ಧರ್ಮವನ್ನೂ ತಿಳಿದಿರಬೇಕು.

ಉಪಾಧ್ಯಾಯರಿಗೆ ಈ ಪ್ರಸಂಗದಲ್ಲಿ ಎರಡು ಪಾಠಗಳಿವೆ. ಆವಿಯಾಗುವಿಕೆಯ ಪಾಠವನ್ನು ಹೂಜಿಯಲ್ಲಿ ಆರಂಭಿಸಿ, ಮುಂದೆ ವಾಹನವೇರಲಿರುವ ವಿದ್ಯಾರ್ಥಿಯ ಬಲಗೈಯವರೆಗೆ ಕೊಂಡೊಯ್ಯಬಹುದೆಂಬುದು ಒಂದು. ಪುಸ್ತಕದ ಮಾತು ಆಗ ಪ್ರಾಣರಕ್ಷಕವಾಗುತ್ತದೆ. ಎರಡನೆಯದು ಇದಕ್ಕಿಂತ ಸೂಕ್ಷ್ಮವಾದುದು. ಕಣ್ಣಿಗೆ ಕಾಣದ ಕಾರಣವು ಇಲ್ಲದ ಕಾರಣವಲ್ಲ. ತಪ್ಪೆಸಗಿದವನಂತೆ ಎದುರಿಗೆ ನಿಂತ ಹುಡುಗನ ಮಾತನ್ನು, ಸಾಕ್ಷಿಯಿಲ್ಲವೆಂಬ ಒಂದೇ ಕಾರಣದಿಂದ ತಳ್ಳಿಹಾಕುವವರಿಗೆ, ಗ್ಯಾರೇಜಿಗೆ ಬರುವ ಮುನ್ನವೇ ಕರಗಿಹೋದ ಆ ಹಿಮದ ನೆನಪಾಗಬೇಕು. ಅವನು ಸುಳ್ಳಾಡಿರಲೂಬಹುದು. ಆದರೆ ತೀರ್ಪಿಗೆ ಮುನ್ನ ವಿಚಾರ ನಡೆಯಬೇಕಾದುದು ನ್ಯಾಯ. ಆ ತಂದೆಯು ಮಗನನ್ನು ಗದರುವ ಮೊದಲು “ಬಿಟ್ಟಾಗ ಹಿಡಿ ಸಡಿಲವಾಗಿತ್ತೇ, ಬಿಗಿಯಾಗಿತ್ತೇ?” ಎಂದು ಒಂದು ಪ್ರಶ್ನೆ ಕೇಳಿದ್ದರೆ ಸಾಕಾಗಿತ್ತು. ಮಗನ ಉತ್ತರದಲ್ಲಿ ಅಪಘಾತದ ಮರ್ಮವೆಲ್ಲ ಅಡಗಿತ್ತು.