ಮುಖಪುಟ ಯಾರನ್ನು ಕರೆಯುತ್ತದೆ? ಸಂಗೀತ ಪತ್ರಿಕೆಗಳ ವಿನ್ಯಾಸ ಕುರಿತ ಒಂದು ಪಾಠ

ತರಗತಿ: 9
ಅವಧಿ: 45 ನಿಮಿಷಗಳ 2 ಪೀರಿಯಡ್
ಬೋಧನೋಪಕರಣಗಳು: ಮುಖಪುಟಗಳ ಬಣ್ಣದ ಪ್ರಿಂಟ್‌ಗಳು, ಬಿಳಿ ಹಾಳೆ, ಅಳತೆ ಟೇಪು, ಸ್ಕೆಚ್ ಪೆನ್ನು

ಪೀಠಿಕೆ

ಪತ್ರಿಕೆಯೊಂದರ ಮುಖಪುಟ ತೋರಿಸಿ ‘ಹೇಗಿದೆ?’ ಎಂದು ಕೇಳಿದರೆ ಮಕ್ಕಳು ‘ಆಕರ್ಷಕವಾಗಿದೆ’ ಎಂದು ಹೇಳಿ ಸುಮ್ಮನಾಗುತ್ತಾರೆ. ವಿಜ್ಞಾನದ ಪಾಠದಲ್ಲಾದರೆ ನಾವು ಇಷ್ಟಕ್ಕೆ ಬಿಡುವುದಿಲ್ಲ. ‘ಲಿಟ್ಮಸ್ ಬದಲಾಯಿತು’ ಎಂದರೆ ಸಾಲದು, ಯಾವ ಬಣ್ಣದಿಂದ ಯಾವ ಬಣ್ಣಕ್ಕೆ ಎಂದು ಬರೆಸುತ್ತೇವೆ. ಅದೇ ಶಿಸ್ತನ್ನು ಮುಖಪುಟದ ಓದಿಗೂ ತರುವುದು ಈ ಪಾಠದ ಆಶಯ. ಸಂಗೀತ ಪತ್ರಿಕೆಗಳನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕಾಗದ ಹಾಡುವುದಿಲ್ಲ. ಕಿವಿಯ ವಸ್ತುವನ್ನು ಕಣ್ಣಿಗೆ ಮಾರಬೇಕಾದಲ್ಲಿ ವಿನ್ಯಾಸದ ಕೆಲಸ ಎದ್ದು ಕಾಣುತ್ತದೆ.

ಕಲಿಕಾ ಫಲಗಳು

1. ಮುಖಪುಟದಲ್ಲಿ ಕಂಡದ್ದನ್ನೂ ಅದರಿಂದ ತೀರ್ಮಾನಿಸಿದ್ದನ್ನೂ ವಿದ್ಯಾರ್ಥಿಯು ಬೇರೆಬೇರೆಯಾಗಿ ಬರೆಯುವನು/ಳು.
2. ವಿನ್ಯಾಸದ ಒಂದೊಂದು ಅಂಶವೂ ಯಾವ ಓದುಗನನ್ನು ಕರೆಯುತ್ತಿದೆ ಎಂಬುದನ್ನು ಆಧಾರ ಸಹಿತ ಹೇಳುವನು/ಳು.

ವಿಷಯ ವಿಶ್ಲೇಷಣೆ

‘ಒಳ್ಳೆಯ ವಿನ್ಯಾಸ ಎಲ್ಲರನ್ನೂ ಸೆಳೆಯುತ್ತದೆ’ ಎಂಬುದು ಸಾಮಾನ್ಯ ನಂಬಿಕೆ. ಸಂಗೀತ ಪತ್ರಿಕೆಗಳ ಇತಿಹಾಸ ಬೇರೆಯದನ್ನೇ ತೋರಿಸುತ್ತದೆ: ವಿನ್ಯಾಸವು ತನ್ನ ಓದುಗರನ್ನು ಆರಿಸಿಕೊಳ್ಳುತ್ತದೆ, ಉಳಿದವರನ್ನು ಹೊರಗಿಡುತ್ತದೆ.

*ರೋಲಿಂಗ್ ಸ್ಟೋನ್:* 1967ರ ನವೆಂಬರ್ 9ರ ಮೊದಲ ಸಂಚಿಕೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟಿತು. ಬೆಲೆ 25 ಸೆಂಟ್. ಅಗ್ಗದ ಪತ್ರಿಕಾ ಕಾಗದ, ಮುಖಪುಟದಲ್ಲಿ ಸಿನಿಮಾವೊಂದರ ಸೈನಿಕನ ವೇಷದಲ್ಲಿದ್ದ ಜಾನ್ ಲೆನನ್. ಹೆಸರಿನ ಅಕ್ಷರಗಳನ್ನು ರಚಿಸಿದವರು ಸಂಗೀತ ಕಛೇರಿಗಳ ಪೋಸ್ಟರ್ ಕಲಾವಿದ ರಿಕ್ ಗ್ರಿಫಿನ್. ಆ ಊರಿನ ಗೋಡೆಗಳ ಮೇಲೆ ಅಂಥ ಪೋಸ್ಟರ್ ನೋಡಿದ್ದ ಯುವಕರಿಗೆ ಆ ಅಕ್ಷರಗಳೇ ಗುರುತು. ಸುದ್ದಿಪತ್ರಿಕೆಯಂಥ ರೂಪವು ಸಂಗೀತವೂ ಸುದ್ದಿಯೇ ಎಂದು ಸೂಚಿಸುತ್ತಿತ್ತು.

*ಸ್ಮ್ಯಾಶ್ ಹಿಟ್ಸ್:* 1978ರಲ್ಲಿ ಬ್ರಿಟನ್ನಿನಲ್ಲಿ ನಿಕ್ ಲೋಗನ್ ಆರಂಭಿಸಿದ್ದು. ಹೊಳೆಯುವ ಕಾಗದ, ತುಂಬಿದ ಬಣ್ಣ, ಒಳಗೆ ಜನಪ್ರಿಯ ಹಾಡುಗಳ ಸಾಹಿತ್ಯ. ಇದರ ಓದುಗರು ಹದಿಹರೆಯದವರು. ಅವರಿಗೆ ವಿಮರ್ಶೆಗಿಂತ ಜೊತೆಗೆ ಹಾಡಲು ಸಾಲುಗಳು ಬೇಕಿದ್ದವು. ನಮ್ಮಲ್ಲಿ ಚಿತ್ರಮಂದಿರದ ಹತ್ತಿರ ಮಾರುತ್ತಿದ್ದ ತೆಳು ಹಾಡಿನ ಪುಸ್ತಕಗಳನ್ನು ನೆನಪಿಸಿದರೆ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಅಜ್ಜ-ಅಜ್ಜಿಯರನ್ನು ಕೇಳಿಕೊಂಡು ಬರಲು ಹೇಳಬಹುದು.

*ಕೆರಾಂಗ್:* 1981ರಲ್ಲಿ ಬ್ರಿಟನ್ನಿನಲ್ಲೇ ಬಂದ ಹೆವಿ ಮೆಟಲ್ ಪತ್ರಿಕೆ. ಎಲೆಕ್ಟ್ರಿಕ್ ಗಿಟಾರ್ ತಂತಿಗಳನ್ನು ಜೋರಾಗಿ ಬಾರಿಸಿದಾಗ ಬರುವ ಸದ್ದೇ ಇದರ ಹೆಸರು. ಹೆಸರಿನ ಅಕ್ಷರಗಳು ಬಿರುಕು ಬಿಟ್ಟಂತಿವೆ. ಸದ್ದನ್ನು ಆಕಾರವಾಗಿಸುವುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಸಿಗುವುದು ಕಷ್ಟ.

*ರೇ ಗನ್:* 1992ರಲ್ಲಿ ಅಮೆರಿಕದಲ್ಲಿ ಆರಂಭ. ವಿನ್ಯಾಸ ಡೇವಿಡ್ ಕಾರ್ಸನ್ ಅವರದು. 1994ರಲ್ಲಿ ಗಾಯಕ ಬ್ರಯನ್ ಫೆರ್ರಿ ಅವರ ಸಂದರ್ಶನ ನೀರಸವೆನಿಸಿದ್ದರಿಂದ ಕಾರ್ಸನ್ ಅದನ್ನು ಝಾಫ್ ಡಿಂಗ್‌ಬ್ಯಾಟ್ಸ್ ಎಂಬ, ಬರೀ ಚಿಹ್ನೆಗಳಿರುವ ಫಾಂಟ್‌ನಲ್ಲಿ ಅಚ್ಚುಮಾಡಿಸಿದರು. ಓದಲಾಗುವ ಪಾಠವನ್ನು ಸಂಚಿಕೆಯ ಹಿಂಭಾಗದಲ್ಲಿ ಕೊಟ್ಟಿದ್ದರು.

ಈ ನಾಲ್ಕನೆಯ ಉದಾಹರಣೆಯೇ ಪಾಠದ ತಿರುವು. ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ, ‘ಓದೋಕೇ ಆಗ್ದಿದ್ರೆ ದುಡ್ಡು ಯಾಕೆ ಕೊಡ್ತಾರೆ ಮಿಸ್?’ ಎಂದು ಕೇಳಿದಳು. ಉತ್ತರವನ್ನು ನಾವೇ ಹೇಳದೆ ಪ್ರಶ್ನೆಯನ್ನು ತರಗತಿಗೇ ಒಪ್ಪಿಸುವುದು ಒಳ್ಳೆಯದು. ‘ಎಲ್ಲರಂತೆ ಇಲ್ಲ ಅಂತ ತೋರಿಸ್ಕೊಳ್ಳೋಕೆ’ ಎಂಬ ಉತ್ತರ ಹಿಂದಿನ ಬೆಂಚಿನಿಂದ ಬಂತು. ಓದುವ ಸುಖದ ಜೊತೆಗೆ ಒಂದು ಗುಂಪಿಗೆ ಸೇರಿದ ಭಾವನೆಯನ್ನೂ ಪತ್ರಿಕೆ ಮಾರುತ್ತದೆ ಎಂಬುದು ಅಲ್ಲಿಂದ ಸ್ಪಷ್ಟವಾಯಿತು.

ಬೋಧನಾ ಕ್ರಮ

*ಚಟುವಟಿಕೆ 1, ದೂರದ ಪ್ರಯೋಗ:* ಮುಖಪುಟವನ್ನು ಹಲಗೆಗೆ ಅಂಟಿಸಿ 1, 3 ಮತ್ತು 5 ಮೀಟರ್ ದೂರದಿಂದ ನೋಡಿಸಿ. ಯಾವ ದೂರದಲ್ಲಿ ಏನು ಉಳಿಯಿತು, ಏನು ಮಾಯವಾಯಿತು ಎಂದು ಕೋಷ್ಟಕ ಮಾಡಿಸಿ. ಮುಖ, ಪತ್ರಿಕೆಯ ಹೆಸರು, ಹಿನ್ನೆಲೆಗೂ ಅಕ್ಷರಕ್ಕೂ ಇರುವ ಬಣ್ಣದ ಅಂತರ ಏಕೆ ಮುಖ್ಯ ಎಂಬುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ.

*ಚಟುವಟಿಕೆ 2, ಮುಚ್ಚಿ ನೋಡುವುದು:* ಅಂಗಡಿಯಲ್ಲಿ ಪತ್ರಿಕೆಗಳು ಒಂದರ ಮೇಲೊಂದು ಸರಿದು ನಿಲ್ಲುತ್ತವೆ. ಮುಖಪುಟದ ಬಲಗಡೆಯ ಮೂರರಲ್ಲಿ ಎರಡು ಭಾಗವನ್ನು ಬಿಳಿ ಹಾಳೆಯಿಂದ ಮುಚ್ಚಿ, ‘ಇಷ್ಟೇ ಕಂಡರೆ ನೀವು ಕೈಗೆತ್ತಿಕೊಳ್ಳುವಿರಾ?’ ಎಂದು ಕೇಳಿ.

*ಚಟುವಟಿಕೆ 3, ಒಂದೇ ಲೇಖನ, ಇಬ್ಬರು ಓದುಗರು:* ವಿಷಯ ಒಂದೇ: ಧಾರವಾಡದಲ್ಲಿ ಹುಟ್ಟಿದ ಗಾಯಕಿ ಗಂಗೂಬಾಯಿ ಹಾನಗಲ್. ಅರ್ಧ ಗುಂಪುಗಳು ಹಿಂದೂಸ್ತಾನಿ ಸಂಗೀತ ಕಲಿಯುತ್ತಿರುವವರಿಗೆ, ಉಳಿದವು ಅವರ ಹೆಸರನ್ನೇ ಕೇಳದ ಹೈಸ್ಕೂಲು ಮಕ್ಕಳಿಗೆ ಮುಖಪುಟ ರಚಿಸಲಿ. ಬದಲಾಗುವುದು ಓದುಗ ಮಾತ್ರ. ಇದೇ ನಮ್ಮ ಪ್ರಯೋಗದ ಚರಾಂಶ. ಯಾವ ಮುಖಪುಟ ಯಾರಿಗೆ ಎಂದು ಬೇರೆ ಗುಂಪಿನವರು ಗುರುತಿಸಿ ಎರಡು ಆಧಾರ ಕೊಡಬೇಕು. ತಪ್ಪಾಗಿ ಗುರುತಿಸಿದರೆ ಆ ಮುಖಪುಟದಲ್ಲಿ ಏನನ್ನು ಬದಲಿಸಬೇಕೆಂಬ ಚರ್ಚೆ ನಡೆಯಲಿ.

ಮೌಲ್ಯಮಾಪನ

1. ಕೊಟ್ಟ ಮುಖಪುಟದಲ್ಲಿ ಕಂಡ 3 ಅಂಶಗಳನ್ನೂ ಒಂದೊಂದರಿಂದ ಮಾಡಿದ ತೀರ್ಮಾನವನ್ನೂ ಬರೆಯಿರಿ.
2. ಈ ಮುಖಪುಟ ಯಾರನ್ನು ಹೊರಗಿಡುತ್ತದೆ? ಹೇಗೆ ಹೇಳುವಿರಿ?
3. ಮುಖಪುಟ ಕೊಟ್ಟ ಮಾತನ್ನು ಒಳಪುಟ ಉಳಿಸಿಕೊಂಡಿದೆಯೇ? (ಮನೆಯಲ್ಲಿರುವ ಯಾವುದಾದರೂ ಪತ್ರಿಕೆ ನೋಡಿ.)

ಮೂರನೆಯ ಪ್ರಶ್ನೆಯನ್ನು ಬಿಡಬಾರದು. ಇವತ್ತು ನಮ್ಮ ಮಕ್ಕಳ ಕೈಗೆ ಪತ್ರಿಕೆಗಿಂತ ಮೊಬೈಲು ಹೆಚ್ಚು ಸಿಗುತ್ತದೆ. ವೀಡಿಯೊಗಳ ಥಂಬ್‌ನೇಲ್‌ಗಳು ಇದೇ ದೊಡ್ಡ ಮುಖ, ಇದೇ ಗಾಢ ಬಣ್ಣ, ಇದೇ ಅರ್ಧ ಹೇಳಿದ ಸಾಲನ್ನು ಬಳಸುತ್ತವೆ. ಒತ್ತುವ ಮೊದಲು ‘ಇಲ್ಲಿ ನನಗೆ ಕಂಡದ್ದೇನು, ನಾನು ಅಂದುಕೊಂಡದ್ದೇನು?’ ಎಂದು ಕೇಳಿಕೊಳ್ಳುವ ಅಭ್ಯಾಸವಾಗಬೇಕು.

ಸಹಪ್ರಶಿಕ್ಷಣಾರ್ಥಿಗಳಿಗೆ ಸೂಚನೆ

ಮುಖಪುಟಗಳನ್ನು ಮೊದಲೇ ಸೋಸಿ ಆರಿಸಿ. ಆನಿ ಲೀಬೊವಿಟ್ಜ್ ತೆಗೆದ ಲೆನನ್-ಯೋಕೋ ಚಿತ್ರವಿರುವ ರೋಲಿಂಗ್ ಸ್ಟೋನ್‌ನ 1981ರ ಜನವರಿ 22ರ ಸಂಚಿಕೆ ಪ್ರಸಿದ್ಧ. ಲೆನನ್ ಹತ್ಯೆಯಾದ ದಿನವೇ, ಅದಕ್ಕೆ ಕೆಲವು ಗಂಟೆ ಮುಂಚೆ ತೆಗೆದ ಚಿತ್ರವದು. ಮುಖಪುಟದಲ್ಲಿ ಲೇಖನಗಳ ಶೀರ್ಷಿಕೆಯೇ ಇಲ್ಲ. ಚಿತ್ರ ನಗ್ನವಾದ್ದರಿಂದ ತರಗತಿಗೆ ತರುವಂಥದ್ದಲ್ಲ. ಮಾತಿಲ್ಲದಿರುವುದೂ ವಿನ್ಯಾಸವೇ ಎಂಬ ಅಂಶವನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಕು. ಬಣ್ಣದ ಪ್ರಿಂಟ್ ಸಿಗದ ಶಾಲೆಯಲ್ಲಿ ಹಳೆಯ ವಾರಪತ್ರಿಕೆಗಳಿಂದಲೂ ಚಟುವಟಿಕೆ 1 ಮತ್ತು 2 ನಡೆಸಬಹುದು.