ಅಪ್ಪನ ಎಫ್‌ಡಿ, ನನ್ನ ಹೆಡ್ ಗ್ಯಾಸ್ಕೆಟ್

ಮನೆಗೋ ಮದುವೆಗೋ ದುಡ್ಡು ಬೇಕಾದಾಗ ಮಕ್ಕಳು ಆರು ತಿಂಗಳು ಮೊದಲೇ ಪೀಠಿಕೆ ಹಾಕುತ್ತಾರೆ. ಕಾರು ಕೆಟ್ಟಾಗ ಅಷ್ಟು ವ್ಯವಧಾನ ಇರುವುದಿಲ್ಲ. ರಸ್ತೆ ಬದಿಯಿಂದಲೇ ಅಪ್ಪನಿಗೆ ಫೋನು ಹೋಗುತ್ತದೆ. ಬಾಯಿಮಾತಿನ, ಲೆಕ್ಕವಿಲ್ಲದ ಸಾಲಗಳು ಹುಟ್ಟುವುದೂ ಅಲ್ಲೇ.

ನನ್ನದು ಹನ್ನೊಂದು ವರ್ಷದ ಕಾರು. ಜೂನ್ ಮೊದಲ ವಾರ, ಮಕ್ಕಳ ಸ್ಕೂಲ್ ಫೀ ಕಟ್ಟಿ ಖಾತೆ ಬರಿದಾಗಿದ್ದ ಹೊತ್ತು. ಚನ್ನರಾಯಪಟ್ಟಣ ದಾಟುತ್ತಿದ್ದಂತೆ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಹಾಸನದಲ್ಲಿರುವ ಅಪ್ಪ, "ಆಫ್ ಮಾಡು. ರೇಡಿಯೇಟರ್ ಮುಚ್ಚಳ ಮುಟ್ಬೇಡ ಕಣೋ, ಕುದಿನೀರು ಮುಖಕ್ಕೆ ಹಾರುತ್ತೆ" ಎಂದರು. ಕೆಎಸ್‌ಆರ್‌ಟಿಸಿ ಡಿಪೊದಲ್ಲಿ ಮೆಕ್ಯಾನಿಕ್ ಆಗಿದ್ದವರು. ಎಂಜಿನ್ ಆರಿದ ಮೇಲೆ ಆಯಿಲ್ ಮುಚ್ಚಳ ತೆಗೆಸಿದರು. ಅದರ ಒಳಮೈಗೆ ಹಾಲು ಹೆಚ್ಚಾದ ಕಾಫಿಯ ಬಣ್ಣದ ಲೋಳೆ ಮೆತ್ತಿತ್ತು. "ಕೂಲೆಂಟು ಆಯಿಲ್‌ಗೆ ಸೇರಿದೆ. ಹೆಡ್ ಗ್ಯಾಸ್ಕೆಟ್ ಹೋಗಿದೆ. ಇನ್ನು ಸ್ಟಾರ್ಟ್ ಮಾಡ್ಬೇಡ."

ವಿಮೆಯಿಂದ ಸಿಕ್ಕಿದ್ದು ಗಾಡಿ ಎಳೆದೊಯ್ಯುವ ಸೇವೆಯೊಂದೇ, ಅದೂ ರೋಡ್‌ಸೈಡ್ ಅಸಿಸ್ಟೆನ್ಸ್‌ಗೆ ಬೇರೆ ದುಡ್ಡು ಕಟ್ಟಿದ್ದರಿಂದ. ಜನ 'ಫುಲ್ ಇನ್ಶೂರೆನ್ಸ್' ಎನ್ನುವ ಕಾಂಪ್ರಹೆನ್ಸಿವ್ ಪಾಲಿಸಿಯಲ್ಲೂ ಸವೆತ, ಮೆಕ್ಯಾನಿಕಲ್ ದೋಷಗಳಿಗೆ ಪರಿಹಾರ ಇರುವುದಿಲ್ಲ.

ಗಾಡಿ ಹೋದ ಸರ್ವಿಸ್ ಸೆಂಟರ್‌ನವರು ಪೂರ್ತಿ ಓವರ್‌ಹಾಲ್ ಆಗಬೇಕೆಂದು 92,000 ರೂಪಾಯಿ ಎಸ್ಟಿಮೇಟ್ ಕೊಟ್ಟರು. ಮಾರಿದರೆ ಎರಡು ಲಕ್ಷ ಬರುವುದೂ ಅನುಮಾನವಿದ್ದ ಕಾರಿಗೆ! "ಹೆಡ್ ಬಿಚ್ಚಿ ನೋಡಿದ್ದಾರಾ ಕೇಳು" ಎಂದರು ಅಪ್ಪ. ಬಿಚ್ಚಿರಲಿಲ್ಲ. ಗಾಡಿಯನ್ನು ಅಪ್ಪನ ಪರಿಚಯದ ಗ್ಯಾರೇಜಿಗೆ ಸಾಗಿಸಿದೆವು. ಅಲ್ಲಿ ಹೆಡ್ ಇಳಿಸಿ, ಬಿರುಕಿದೆಯೇ ಎಂದು ಪ್ರೆಶರ್ ಟೆಸ್ಟ್ ಮಾಡಿಸಿ, ಬೆಂಡಾಗಿದ್ದ ಮೈಯನ್ನು ಲೇತ್‌ನವರ ಹತ್ತಿರ ಫೇಸಿಂಗ್ ಮಾಡಿಸಿದರು. ಹೊಸ ಗ್ಯಾಸ್ಕೆಟ್, ಸೋರುತ್ತಿದ್ದ ವಾಟರ್ ಪಂಪಿನ ಬದಲಿಗೆ ಹೊಸದು, ಆಯಿಲ್, ಕೂಲೆಂಟು, ಕೂಲಿ ಎಲ್ಲ ಸೇರಿ 40,000. ಒಂದು ರೂಪಾಯಿ ಕೊಡುವ ಮೊದಲೇ ಅಪ್ಪ ನನಗೆ 52,000 ಉಳಿಸಿದ್ದರು.

ಅಷ್ಟಕ್ಕೇ ನಿಲ್ಲಲಿಲ್ಲ. "ಎಫ್‌ಡಿ ಮುರಿಸ್ತೀನಿ, ತಗೋ" ಎಂದರು. ಇಲ್ಲಿ ನನಗೆ ತಕರಾರಿತ್ತು. ಕೆಎಸ್‌ಆರ್‌ಟಿಸಿಯವರಿಗೆ ಸರ್ಕಾರಿ ನೌಕರರ ಹಾಗೆ ಪಿಂಚಣಿ ಇಲ್ಲ. ಇಪಿಎಸ್-95ರ ಲೆಕ್ಕದಲ್ಲಿ ಅಪ್ಪನಿಗೆ ಬರುವುದು ತಿಂಗಳಿಗೆ ಮೂರು ಸಾವಿರ ಚಿಲ್ಲರೆ. ಮನೆ ನಡೆಯುವುದು ಪಿಎಫ್, ಗ್ರಾಚ್ಯುಟಿ ದುಡ್ಡನ್ನು ಎಫ್‌ಡಿಗೆ ಹಾಕಿ ಬರುವ ಬಡ್ಡಿಯಲ್ಲಿ. ಅವಧಿಗೆ ಮುಂಚೆ ಮುರಿದರೆ, ದುಡ್ಡು ಎಷ್ಟು ದಿನ ಇತ್ತೋ ಅಷ್ಟು ದಿನಕ್ಕೆ ಅನ್ವಯಿಸುವ ದರಕ್ಕೆ ಬಡ್ಡಿ ಇಳಿಯುತ್ತದೆ. ಸಾಮಾನ್ಯವಾಗಿ ಅದರಲ್ಲೂ ಅರ್ಧದಿಂದ ಒಂದು ಪರ್ಸೆಂಟ್ ಕಡಿತ. ಅಪ್ಪಂದಿರು ಈ ನಷ್ಟವನ್ನು ಬಾಯಿಬಿಟ್ಟು ಹೇಳುವುದಿಲ್ಲ; ನಾವೂ ಕೇಳುವುದಿಲ್ಲ.

ಹಾಗಾಗಿ ಮುರಿಸದೆ, ಅದೇ ಎಫ್‌ಡಿಯ ಮೇಲೆ ಓವರ್‌ಡ್ರಾಫ್ಟ್ ತೆಗೆಸಿದೆವು. ಇದರ ದರ ಎಫ್‌ಡಿ ಬಡ್ಡಿಗಿಂತ ಒಂದೆರಡು ಪರ್ಸೆಂಟ್ ಹೆಚ್ಚು ಇರುತ್ತದೆ. ನಮಗೆ ಬಿದ್ದದ್ದು 8 ಪರ್ಸೆಂಟ್. ಪೂರ್ತಿ 40,000ಕ್ಕೆ ಇಡೀ ವರ್ಷ ಕಟ್ಟಿದರೂ 3,200 ರೂಪಾಯಿ. ತಿಂಗಳಿಗೆ 3.5 ಪರ್ಸೆಂಟ್ ಎಳೆಯುವ ಕ್ರೆಡಿಟ್ ಕಾರ್ಡಿನಲ್ಲಿ ಅಷ್ಟು ಬಡ್ಡಿ ಎರಡೂವರೆ ತಿಂಗಳೊಳಗೇ ಆಗಿಬಿಡುತ್ತದೆ, ಜಿಎಸ್‌ಟಿ ಬೇರೆ.

ದುಡ್ಡು ಬ್ಯಾಂಕಿನಿಂದ ಬ್ಯಾಂಕಿಗೇ ಬಂತು. ಅಪ್ಪನಿಂದಾದರೂ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಿನಲ್ಲಿ ಪಡೆಯುವಂತಿಲ್ಲ. ಆದಾಯ ತೆರಿಗೆಯವರ ದಂಡ ಸಾಲದ ಮೊತ್ತದಷ್ಟೇ ಆಗಬಹುದು. ಉಡುಗೊರೆಯಾದರೆ ತಂದೆ-ತಾಯಿ ಎಷ್ಟು ಕೊಟ್ಟರೂ ಪಡೆದವರಿಗೆ ತೆರಿಗೆಯಿಲ್ಲ. ಇದು ಉಡುಗೊರೆಯಲ್ಲವೆಂದು ತಂಗಿಗೂ ಒಂದು ಮೆಸೇಜ್ ಹಾಕಿದೆ. ಅವಳು ನಕ್ಕಳು, ನಗಲಿ. ಪಾಲಿನ ಹೊತ್ತಿಗೆ ಯಾರ್ಯಾರಿಗೆ ಏನೇನು ನೆನಪಾಗುತ್ತದೋ ಹೇಳಲಾಗದು.

ತೀರಿಸುವಾಗ ಇನ್ನೊಂದು ರಾಮಾಯಣ. "ಬಡ್ಡಿ ನಾನೇ ಕಟ್ಕೋತೀನಿ ಬಿಡೋ" ಎಂದು ಅಪ್ಪ. "ಇವರ ಕೈಗೆ ಮಾತ್ರ ಕೊಡ್ಬೇಡ. ಮೊಮ್ಮಕ್ಕಳ ಹೆಸರು ಹೇಳಿ ನಿನಗೇ ವಾಪಸ್ ಕಳಿಸ್ತಾರೆ" ಎಂದು ಅಮ್ಮ. ಈಗ ಪ್ರತಿ ತಿಂಗಳು 5ನೇ ತಾರೀಕು ನನ್ನ ಸಂಬಳದ ಖಾತೆಯಿಂದ 3,500 ರೂಪಾಯಿ ನೇರ ಆ ಓವರ್‌ಡ್ರಾಫ್ಟ್ ಖಾತೆಗೆ ಹೋಗುತ್ತದೆ. ಉಳಿದ ಬಾಕಿಗೆ ಮಾತ್ರ ಬಡ್ಡಿ ಬೀಳುವುದರಿಂದ ವರ್ಷಕ್ಕೆ ಅಸಲು, ಬಡ್ಡಿ ಎರಡೂ ತೀರುತ್ತವೆ.